ಕೆಲಸ ಕೇಳಿದೆವು, ಸಂಜೆ ಕೇಳಲು ಮರೆತೆವು



ರಾಜ್ಯೋತ್ಸವದ ಪೂರ್ವಭಾವಿ ಸಭೆಗೆಂದು ಹೊಸಪೇಟೆಯಲ್ಲಿ ನಲವತ್ತು ಹುಡುಗರಿಗೆ ಹೇಳಿ ಕಳಿಸಿದ್ದೆವು. ಬಂದವರು ಒಂಬತ್ತು ಜನ. ಅವರಲ್ಲೂ ಆರು ಮಂದಿ ನನ್ನ ಹಾಗೆ ತಲೆ ನರೆತವರು. ನನಗೆ ಸಿಟ್ಟು ನೆತ್ತಿಗೇರಿತು. ಮಾರನೇ ದಿನ ಮಂಡಕ್ಕಿ ಒಗ್ಗರಣೆ ಅಂಗಡಿಯ ಮುಂದೆ ನಮ್ಮ ಹುಡುಗನೊಬ್ಬ ಕೈಯಲ್ಲಿ ಮಿರ್ಚಿ ಹಿಡಿದು ನಿಂತಿದ್ದ. ಅಲ್ಲೇ ತರಾಟೆಗೆ ತೆಗೆದುಕೊಂಡೆ. "ಏನಪ್ಪಾ, ಕನ್ನಡದ ಕೆಲಸ ಅಂದರೆ ಅಷ್ಟು ಹಗುರ ಆಯಿತೇ? ಸ್ಥಳೀಯರಿಗೆ ಕೆಲಸ ಕೊಡಿ ಅಂತ ನಾವು ರಸ್ತೆಯಲ್ಲಿ ಕೂತಾಗ ನೀನು ಶಾಲೆಗೆ ಹೋಗುತ್ತಿದ್ದೆ. ಯಾರಿಗಾಗಿ ಕೂತಿದ್ದೆವು ನಾವು?"

ಹುಡುಗ ಜಗಳಕ್ಕೆ ಬರಲಿಲ್ಲ. ಮೆಲ್ಲಗೆ ಅಂದ: "ಕೆಲಸ ಸಿಕ್ಕೈತಣ್ಣ. ಅದಕ್ಕೇ ಬರಾಕಾಗ್ಲಿಲ್ಲ."

ಈ ಲೇಖನ ಆ ಒಂದು ಮಾತಿನಿಂದ ಹುಟ್ಟಿದ್ದು.

ಇಪ್ಪತ್ನಾಲ್ಕರ ಹುಡುಗನ ದಿನಚರಿ

ಅವನು ಕಂಪ್ಲಿ ಕಡೆಯವನು. ಡಿಪ್ಲೊಮಾ ಓದಿದ್ದಾನೆ. ವಯಸ್ಸು ಇಪ್ಪತ್ನಾಲ್ಕು. ನಮ್ಮ ಸುತ್ತಲಿನ ಒಂದು ಕಾರ್ಖಾನೆಯಲ್ಲಿ ಗುತ್ತಿಗೆದಾರನ ಕೆಳಗೆ ದುಡಿಯುತ್ತಾನೆ. ಕಾರ್ಖಾನೆಯ ಹೆಸರು ಇಲ್ಲಿ ಬೇಡ. ಹೆಸರು ಬರೆದರೆ ನಾಳೆ ಅವನ ಗೇಟ್ ಪಾಸ್ ಹೋಗುತ್ತದೆ. ಮೇಲಾಗಿ, ಇದು ಒಂದೇ ಕಾರ್ಖಾನೆಯ ಕಥೆಯೂ ಅಲ್ಲ.

ಹೊಸಪೇಟೆಯಲ್ಲಿ ಮೂವರು ಸೇರಿ ಒಂದು ರೂಮು ಮಾಡಿದ್ದಾರೆ. ಬೆಳಗಿನ ಪಾಳಿ ಆರಕ್ಕೆ. ನಾಲ್ಕಕ್ಕೆ ಏಳಬೇಕು, 4.45ಕ್ಕೆ ರೂಮು ಬಿಡಬೇಕು. ಕಾರಿಗನೂರು, ಪಾಪಿನಾಯಕನಹಳ್ಳಿ, ಗಾದಿಗನೂರು ದಾಟುವ ಹೊತ್ತಿಗೆ ಬಸ್ಸಿನ ಅರ್ಧ ಜನ ಬಾಯಿ ತೆರೆದು ನಿದ್ದೆ ಹೋಗಿರುತ್ತಾರೆ. ಎರಡಕ್ಕೆ ಪಾಳಿ ಮುಗಿದರೆ ರೂಮು ಸೇರುವುದು 3.30ಕ್ಕೆ. ಲೆಕ್ಕ ಹಾಕಿ: 10 ಗಂಟೆ 45 ನಿಮಿಷ. ಇದು ಒಳ್ಳೆಯ ದಿನ. ವಾರದಲ್ಲಿ ಎರಡು ಸಲವಾದರೂ "ಮುಂದಿನ ಪಾಳಿಯವನು ಬಂದಿಲ್ಲ, ಇನ್ನೊಂದು ನಾಲ್ಕು ತಾಸು ಇರು" ಎಂಬ ಹುಕುಂ. ಅವತ್ತು ರೂಮು ಸೇರುವಾಗ ರಾತ್ರಿ 7.30. ಮುಂದಿನ ವಾರ ಮಧ್ಯಾಹ್ನದ ಪಾಳಿ, ಅದರ ಮುಂದಿನ ವಾರ ರಾತ್ರಿ ಪಾಳಿ. ದೇಹ ಒಂದಕ್ಕೆ ಒಗ್ಗುವಷ್ಟರಲ್ಲಿ ಇನ್ನೊಂದು.

ವಾರದ ರಜೆ ಇದೆಯೇ? ಇದೆ. ಚಾರ್ಟಿನಲ್ಲಿದೆ. ಹಿಂದಿನ ರಾತ್ರಿ ಫೋನ್ ಬರುತ್ತದೆ, ಚಾರ್ಟು ಬದಲಾಗುತ್ತದೆ. ಕಂಪ್ಲಿಯಲ್ಲಿರುವ ಅವ್ವನ ಮುಖ ನೋಡಿ ಮೂರು ವಾರ ಆಗಿತ್ತು. ತಂಗಿಯ ನಿಶ್ಚಿತಾರ್ಥಕ್ಕೆ ಹೋದವನು ಊಟಕ್ಕೂ ಕೂರದೆ ವಾಪಸು ಓಡಿ ಬಂದಿದ್ದ. ಅವನಿಗೇ ಮದುವೆ ಗೊತ್ತಾಗಿದೆ. ಮದುವೆಯಾಗುವ ಹುಡುಗಿಯ ಹತ್ತಿರ ಮಾತಾಡುವುದು ಬಸ್ಸಿನಲ್ಲಿ, ಅದೂ ನಿದ್ದೆ ಬರದಿದ್ದರೆ. "ಒಂದಿನ ಮಾತಾಡ್ತಾ ಮಾತಾಡ್ತಾ ಗೊರಕೆ ಹೊಡೆದ್ಬಿಟ್ನಣ್ಣ, ಆಕಿ ಎರಡು ದಿನ ಫೋನ್ ಎತ್ತಲಿಲ್ಲ" ಅಂತ ನಕ್ಕ. ನನಗೆ ನಗು ಬರಲಿಲ್ಲ.

ನಮ್ಮ ಕಡೆ ಹೊಲ ಮಾಡುವ ಹುಡುಗನಿಗೆ ಹೆಣ್ಣು ಕೊಡುವುದಿಲ್ಲ. "ಕಂಪನಿ ಕೆಲಸ ಇದ್ದರೆ ಮಾತಾಡೋಣ" ಅನ್ನುತ್ತಾರೆ. ಕಂಪನಿ ಕೆಲಸ ಇರುವ ಹುಡುಗನಿಗೆ ಹೆಣ್ಣು ಸಿಗುತ್ತದೆ, ಆ ಹೆಣ್ಣಿಗೆ ಮಾತ್ರ ಗಂಡ ಸಿಗುವುದಿಲ್ಲ. ಇದೆಂಥ ನ್ಯಾಯ ಸ್ವಾಮಿ?

ಲಾರಿ ಹತ್ತಿದ ತಲೆಮಾರು

ಇದು ಈ ನೆಲಕ್ಕೆ ಹೊಸದಲ್ಲ. ಸಂಡೂರಿನವರು, ಹೊಸಪೇಟೆಯವರು ಒಮ್ಮೆ ಹಿಂತಿರುಗಿ ನೋಡಬೇಕು. ಚೀನಾ ದೇಶ ನಮ್ಮ ಅದಿರಿಗೆ ಬಾಯಿ ತೆರೆದು ಕೂತಿದ್ದ ವರ್ಷಗಳು ನೆನಪಿವೆಯೇ? ಕಾಲೇಜು ಬಿಟ್ಟ ಹುಡುಗರು ಲಾರಿ ಹತ್ತಿದರು. ಹಗಲು ರಾತ್ರಿ ಟ್ರಿಪ್ಪು. ಒಂದು ಟ್ರಿಪ್ಪು ಹೆಚ್ಚು ಹೊಡೆದರೆ ಇಷ್ಟು ದುಡ್ಡು ಎಂಬ ಲೆಕ್ಕ. ಮೈಮೇಲೆ, ಮನೆಯ ಮಾಡಿನ ಮೇಲೆ, ಹೊಲದ ಬೆಳೆಯ ಮೇಲೆ ಕೆಂಪು ಧೂಳು. ಇಪ್ಪತ್ತರ ಪ್ರಾಯವನ್ನು ಸ್ಟಿಯರಿಂಗಿನ ಹಿಂದೆ ಕಳೆದರು. ಮದುವೆ ಆಮೇಲೆ, ಮನೆ ಆಮೇಲೆ, ಆರೋಗ್ಯ ಆಮೇಲೆ, ಈಗ ದುಡಿದು ಬಿಡೋಣ ಅಂದುಕೊಂಡರು.

2011ರ ಜುಲೈ ಕೊನೆಯ ವಾರ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು. ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಅಕ್ರಮ ನಿಲ್ಲಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಹುಡುಗರ ಗತಿ? ಲಾರಿಗಳು ರಸ್ತೆ ಪಕ್ಕದಲ್ಲಿ ತುಕ್ಕು ಹಿಡಿದವು, ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ಮೂವತ್ತು ದಾಟಿದ ಮೇಲೆ ಓದು ಇಲ್ಲ, ಬೇರೆ ಕಸುಬು ಇಲ್ಲ, ಸೊಂಟದಲ್ಲಿ ಬಲ ಇಲ್ಲ. ಆಮೇಲೆ ಬದುಕೋಣ ಅಂದುಕೊಂಡ "ಆಮೇಲೆ" ಬರಲೇ ಇಲ್ಲ. ಈ ಪಾಠವನ್ನು ನಮ್ಮ ತಾಲ್ಲೂಕುಗಳಿಗಿಂತ ಚೆನ್ನಾಗಿ ಕಲಿತ ಜಾಗ ಕರ್ನಾಟಕದಲ್ಲಿ ಇನ್ನೊಂದಿಲ್ಲ. ಆದರೂ ನಾವು ಮರೆತೆವು.

ಹಂಪಿಯ ಕಥೆ ಬೇರೆ ಬಗೆಯದು. ಅಲ್ಲಿ ವಿರೂಪಾಕ್ಷ ದೇವಸ್ಥಾನದ ಮುಂದಿನ ಬಜಾರದಲ್ಲಿ ಮನೆ, ಅಂಗಡಿ ಒಂದೇ ಸೂರಿನಡಿ ಇದ್ದವು. ಗಿರಾಕಿಗೆ ಚಹಾ ಕೊಡುತ್ತಲೇ ತಾಯಿ ಮಗುವನ್ನು ತೂಗುತ್ತಿದ್ದಳು. ಸ್ಮಾರಕಗಳ ರಕ್ಷಣೆಯ ಹೆಸರಿನಲ್ಲಿ ಅದೇ 2011ರ ಜುಲೈನಲ್ಲಿ ಅವನ್ನು ಕೆಡವಿದರು. ಸ್ಮಾರಕ ಉಳಿಯಬೇಕು, ಸರಿ. ಆದರೆ ಅವತ್ತಿನಿಂದ ಮನೆ ಒಂದು ಕಡೆ, ಹೊಟ್ಟೆಪಾಡು ಇನ್ನೊಂದು ಕಡೆ ಆಯಿತು. ಸೀಸನ್ನಿನಲ್ಲಿ ಹಂಪಿಯ ಆಟೋ ಹುಡುಗ ಮಾತಂಗ ಬೆಟ್ಟದ ಸೂರ್ಯೋದಯಕ್ಕೆ ಜನರನ್ನು ಬಿಡಲು ಕತ್ತಲಲ್ಲೇ ಏಳುತ್ತಾನೆ, ಸೂರ್ಯಾಸ್ತ ತೋರಿಸಿ ಲಾಡ್ಜಿಗೆ ಬಿಟ್ಟ ಮೇಲೆ ಮನೆಗೆ. ಜಗತ್ತಿಗೆಲ್ಲ ಸೂರ್ಯೋದಯ, ಸೂರ್ಯಾಸ್ತ ತೋರಿಸುವವನು ತನ್ನ ಮಗು ಎಚ್ಚರ ಇರುವುದನ್ನು ನೋಡುವುದೇ ಅಪರೂಪ.

ಕಂಪ್ಲಿಯ ಹುಡುಗರು ನದಿ ದಾಟಿ ಗಂಗಾವತಿಯ ಅಕ್ಕಿ ಗಿರಣಿಗಳಿಗೆ, ಅಂಗಡಿಗಳಿಗೆ ಹೋಗುತ್ತಾರೆ. ಡ್ಯಾಮಿನಿಂದ ಹೆಚ್ಚು ನೀರು ಬಿಟ್ಟರೆ ಕಂಪ್ಲಿ ಸೇತುವೆ ಮುಳುಗುತ್ತದೆ. ಸುತ್ತು ಹಾಕಿ ಹೋಗಬೇಕು. ಆ ಸುತ್ತಿನ ಹೊತ್ತನ್ನು ಯಾರ ಲೆಕ್ಕಕ್ಕೆ ಬರೆಯುತ್ತೀರಿ? ಹುಡುಗನ ಬದುಕಿನ ಲೆಕ್ಕಕ್ಕೇ!

ಒಂದೇ ತಿಂಗಳು, ಎರಡು ಸುದ್ದಿ

ಈಗ ನಮ್ಮ ತಪ್ಪಿಗೆ ಬರೋಣ. ಕನ್ನಡಪರ ಸಂಘಟನೆಗಳ ತಪ್ಪು. ನನ್ನದೂ ಸೇರಿ.

ಈ ಭಾಗದವರು ಕಾರ್ಖಾನೆಗಾಗಿ ಕಾದ ಕಾದಾಟ ಸಣ್ಣದಲ್ಲ. 1971ರಲ್ಲಿ ಇಂದಿರಾ ಗಾಂಧಿಯವರು ತೋರಣಗಲ್ಲಿನಲ್ಲಿ ವಿಜಯನಗರ ಉಕ್ಕು ಕಾರ್ಖಾನೆಗೆ ಅಡಿಗಲ್ಲು ಹಾಕಿ ಹೋದರು. ಆ ಸರ್ಕಾರಿ ಕಾರ್ಖಾನೆ ಏಳಲೇ ಇಲ್ಲ. ಎರಡು ದಶಕ ಕಳೆದು 1994ರಲ್ಲಿ ಅಲ್ಲಿ ಖಾಸಗಿ ಕಂಪನಿ ಹುಟ್ಟಿತು. ಇತ್ತ 1986ರಲ್ಲಿ ಸರೋಜಿನಿ ಮಹಿಷಿ ವರದಿ ಬಂತು. ಅಂದಿನಿಂದ ನಮ್ಮ ಕೂಗು ಒಂದೇ: ಮಹಿಷಿ ವರದಿ ಜಾರಿ ಮಾಡಿ, ಮಣ್ಣಿನ ಮಕ್ಕಳಿಗೆ ಕೆಲಸ ಕೊಡಿ. ಕೂಗು ಸರಿಯಾಗಿತ್ತು. ಇವತ್ತಿಗೂ ಸರಿಯಾಗಿದೆ. ಆದರೆ ಅರ್ಧ ಕೂಗು!

2024ರ ಜುಲೈ ತಿಂಗಳನ್ನೇ ನೋಡಿ. ಆ ತಿಂಗಳ ಮಧ್ಯದಲ್ಲಿ ರಾಜ್ಯ ಸಂಪುಟ ಒಂದು ಮಸೂದೆಗೆ ಒಪ್ಪಿಗೆ ಕೊಟ್ಟಿತು. ಖಾಸಗಿ ಉದ್ಯಮಗಳ ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದ ಹುದ್ದೆಗಳಲ್ಲಿ ಶೇ. 70 ಸ್ಥಳೀಯರಿಗೆ. ಉದ್ಯಮಪತಿಗಳು ಕಣ್ಣು ಕೆಂಪು ಮಾಡಿದ್ದೇ ತಡ, ಎರಡೇ ದಿನದಲ್ಲಿ ಅದನ್ನು ತಡೆಹಿಡಿದರು. ನಾವು ಕೆಂಡಾಮಂಡಲವಾದೆವು. ಹೇಳಿಕೆ ಕೊಟ್ಟೆವು, ಧಿಕ್ಕಾರ ಕೂಗಿದೆವು. ಅದು ಆಗಬೇಕಾದದ್ದೇ.

ಆದರೆ ಅದರ ಬೆನ್ನಿಗೇ, ಅದೇ ತಿಂಗಳು, ಇನ್ನೊಂದು ಸುದ್ದಿ ಬಂತು. ಐಟಿ ಕಂಪನಿಗಳಲ್ಲಿ ದಿನಕ್ಕೆ 14 ಗಂಟೆವರೆಗೆ ದುಡಿಸಲು ಅವಕಾಶ ಕೊಡಿ ಎಂಬ ಪ್ರಸ್ತಾಪ ಸರ್ಕಾರದ ಮುಂದೆ ಬಂದಿತ್ತು. ಹನ್ನೆರಡು ಗಂಟೆ ಕೆಲಸ, ಮೇಲೆ ಎರಡು ಗಂಟೆ ಓವರ್‌ಟೈಮ್. ಆಗ ಕಾರ್ಮಿಕ ಖಾತೆ ಇದ್ದದ್ದು 2004ರಲ್ಲಿ ನಮ್ಮ ಸಂಡೂರಿನಿಂದಲೇ ಶಾಸಕರಾಗಿದ್ದ ಸಂತೋಷ್ ಲಾಡ್ ಅವರ ಕೈಯಲ್ಲಿ. ಇದು ಕಂಪನಿಗಳ ಬೇಡಿಕೆ, ಸರ್ಕಾರದ್ದಲ್ಲ ಎಂದು ಅವರು ಹೇಳಬೇಕಾಯಿತು. ಹಾಗೆ ಹೇಳಿಸಿದವರು ಯಾರು? ಬೆಂಗಳೂರಿನ ಐಟಿ ನೌಕರರ ಸಂಘದವರು ಬೀದಿಗೆ ಬಂದರು. ನಾವೆಲ್ಲಿದ್ದೆವು? ಆ 14 ಗಂಟೆ ದುಡಿಯಬೇಕಾದವರಲ್ಲಿ ಕನ್ನಡದ ಮಕ್ಕಳು ಇರಲಿಲ್ಲವೇ? ಕೆಲಸದ ಬಾಗಿಲು ತೆರೆಸಲು ಬಡಿದಾಡಿದೆವು, ಒಳಗೆ ಹೋದ ಹುಡುಗ ಯಾವಾಗ ಹೊರಗೆ ಬರುತ್ತಾನೆ ಎಂದು ಕೇಳಲಿಲ್ಲ.

ಎಂಟು ಗಂಟೆ ಯಾರ ಭಿಕ್ಷೆಯೂ ಅಲ್ಲ

ಕೆಲವರು ಕೇಳುತ್ತಾರೆ: "ದುಡಿಯೋ ವಯಸ್ಸು, ದುಡಿಯಲಿ ಬಿಡಿ. ಅದರಲ್ಲೇನು?" 2023ರ ಅಕ್ಟೋಬರಿನಲ್ಲಿ ನಮ್ಮವರೇ ಆದ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಕಂಪನಿಯ ಅಧ್ಯಕ್ಷರ 90 ಗಂಟೆಯ ಮಾತು ಹೊರಬಂತು. ಮನೆಯಲ್ಲಿ ಕೂತು ಎಷ್ಟು ಹೊತ್ತು ಹೆಂಡತಿಯ ಮುಖ ನೋಡುತ್ತೀರಿ ಎಂದೂ ಕೇಳಿದ್ದರು. ದೊಡ್ಡವರು, ದೊಡ್ಡ ಮಾತು. ಅವರ ಮನೆಯಲ್ಲಿ ಅಡುಗೆಗೆ ಒಬ್ಬರು, ಕಾರಿಗೆ ಒಬ್ಬರು, ಬಟ್ಟೆಗೆ ಒಬ್ಬರು. ನಮ್ಮ ಹುಡುಗ ಪಾಳಿ ಮುಗಿಸಿ ಬಂದು ತಾನೇ ಅನ್ನಕ್ಕೆ ಇಡಬೇಕು, ತಾನೇ ಯೂನಿಫಾರ್ಮು ಒಗೆಯಬೇಕು. ಅವರ 70 ಗಂಟೆಯೂ ನಮ್ಮವನ 70 ಗಂಟೆಯೂ ಒಂದೇ ತಕ್ಕಡಿಯಲ್ಲಿ ತೂಗುವಂಥವಲ್ಲ.

ಎಂಟು ಗಂಟೆಯ ದುಡಿತಕ್ಕೆ ರಕ್ತದ ಚರಿತ್ರೆ ಇದೆ. 1886ರಲ್ಲಿ ಅಮೆರಿಕದ ಷಿಕಾಗೊದಲ್ಲಿ ಕಾರ್ಮಿಕರು ಅದಕ್ಕಾಗಿಯೇ ಬೀದಿಗಿಳಿದರು. ಮೇ ದಿನ ಹುಟ್ಟಿದ್ದು ಹಾಗೆ. ನಮ್ಮ ದೇಶದಲ್ಲಿ ಕಾರ್ಖಾನೆಯ ವಾರ 54 ಗಂಟೆ ಇದ್ದದ್ದನ್ನು 1946ರಲ್ಲಿ 48ಕ್ಕೆ ಇಳಿಸಿದ ತಿದ್ದುಪಡಿಯ ಹಿಂದೆ ನಿಂತವರು ಡಾ. ಬಿ. ಆರ್. ಅಂಬೇಡ್ಕರ್. ಆಗ ಅವರು ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡುತ್ತಿದ್ದರು. ಇಂದು ವಾರಕ್ಕೆ ಒಂದು ದಿನ ನಾವು ಮನೆಯಲ್ಲಿ ಕೂತು ಊಟ ಮಾಡುತ್ತೇವೆ ಎಂದರೆ ಅದರ ಹಿಂದೆ ಇಂಥವರ ಬೆವರಿದೆ.

ಆ ಗಳಿಕೆಯನ್ನು ಈಗ ಇಂಚಿಂಚಾಗಿ ಕರಗಿಸುತ್ತಿದ್ದಾರೆ. 2023ರ ಫೆಬ್ರುವರಿಯಲ್ಲಿ ನಮ್ಮದೇ ವಿಧಾನಮಂಡಲ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ಪಾಸು ಮಾಡಿತು. ವಾರದ 48 ಗಂಟೆ ಮಿತಿ ಇಟ್ಟುಕೊಂಡೇ ದಿನಕ್ಕೆ 12 ಗಂಟೆವರೆಗೆ ದುಡಿಸಲು ದಾರಿ ಮಾಡಿತು. ಮೂರು ತಿಂಗಳಿಗೆ 75 ಗಂಟೆ ಇದ್ದ ಓವರ್‌ಟೈಮ್ ಮಿತಿಯನ್ನು 144ಕ್ಕೆ ಏರಿಸಿತು. 2025ರ ಜೂನಿನಲ್ಲಿ ಅಂಗಡಿ, ಹೋಟೆಲು, ಕಚೇರಿಗಳಲ್ಲಿ ದಿನದ 9 ಗಂಟೆಯನ್ನು 10ಕ್ಕೆ ಏರಿಸುವ ಪ್ರಸ್ತಾಪ ಬಂತು. 2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ಅವುಗಳ ಬಗ್ಗೆ ಕಾರ್ಮಿಕ ಸಂಘಗಳಿಗೆ ನೂರು ತಕರಾರಿವೆ. ಆದರೂ ಅವುಗಳಲ್ಲಿ ನಮ್ಮ ಹುಡುಗರು ಬಾಯಿಪಾಠ ಮಾಡಬೇಕಾದ ಮಾತುಗಳಿವೆ: ದಿನಕ್ಕೆ ಎಂಟು ಗಂಟೆ ಕೆಲಸ. ವಾರಕ್ಕೊಂದು ರಜೆ. ಓವರ್‌ಟೈಮಿಗೆ ಎರಡು ಪಟ್ಟು ಕೂಲಿ, ಅದೂ ಕಾರ್ಮಿಕನ ಒಪ್ಪಿಗೆ ಇದ್ದರೆ ಮಾತ್ರ. ಪ್ರತಿಯೊಬ್ಬ ನೌಕರನಿಗೂ ನೇಮಕಾತಿ ಪತ್ರ.

ಒಪ್ಪಿಗೆ! ನಮ್ಮ ಹುಡುಗನನ್ನು ಕೇಳಿದೆ: "ನಿನ್ನ ಒಪ್ಪಿಗೆ ಕೇಳುತ್ತಾರೇನಪ್ಪಾ?" ಅವನು ನನ್ನ ಮುಖವನ್ನೇ ನೋಡಿದ. ಕೆಲಸಕ್ಕೆ ಸೇರಿದ ದಿನ ಆರು ಹಾಳೆಗೆ ಸಹಿ ಹಾಕಿಸಿಕೊಂಡಿದ್ದರಂತೆ. ಆರೂ ಇಂಗ್ಲಿಷಿನಲ್ಲಿ. ಓದಲು ಕೇಳಿದರೆ "ಹಿಂದೆ ಹತ್ತು ಜನ ನಿಂತಿದ್ದಾರೆ" ಅಂದರಂತೆ. ಬಂಧುಗಳೇ, ಕನ್ನಡದ ಪ್ರಶ್ನೆ ಬೋರ್ಡಿನಲ್ಲಿ ಮಾತ್ರ ಇಲ್ಲ, ಆ ಆರು ಹಾಳೆಯಲ್ಲೂ ಇದೆ. ಕಾರ್ಖಾನೆಯ ನಿಯಮಗಳನ್ನು ಬಹುಸಂಖ್ಯೆಯ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿ ಬಾಗಿಲ ಹತ್ತಿರ ಹಾಕಬೇಕು ಎಂದು 1946ರ ಸ್ಥಾಯಿ ಆದೇಶಗಳ ಕಾಯ್ದೆಯೇ ಹೇಳಿತ್ತು. ಎಷ್ಟು ಗೇಟುಗಳ ಹತ್ತಿರ ನಾವು ಹೋಗಿ ನೋಡಿದೆವು? ಅಂಗಡಿಯ ನಾಮಫಲಕಕ್ಕೆ ಮಸಿ ಬಳಿಯಲು ಇದ್ದ ಉತ್ಸಾಹ ಆ ಹಾಳೆ ಓದಲು ಇರಲಿಲ್ಲ.

ಡ್ಯಾಮಿನ ಗೇಟು ದಿನಾ ಮುರಿಯುವುದಿಲ್ಲ

ನಾವು ದುಡಿಮೆಯ ವಿರೋಧಿಗಳಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಚೈನು ಕಡಿದು ಕೊಚ್ಚಿಹೋದದ್ದು ಎಲ್ಲರಿಗೂ ನೆನಪಿದೆ. ನೀರು ಕಡಲ ಪಾಲಾಗುತ್ತಿತ್ತು. ಎಂಜಿನಿಯರುಗಳು, ವೆಲ್ಡರುಗಳು, ಕ್ರೇನಿನವರು ಹಗಲು ರಾತ್ರಿ ದುಡಿದು, ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿ ಒಂದು ವಾರದಲ್ಲಿ ನೀರು ನಿಲ್ಲಿಸಿದರು. ಅವತ್ತು ಯಾರಾದರೂ ಗಡಿಯಾರ ನೋಡಿದ್ದರೆ ಅವರನ್ನು ನಾವೇ ಬೈಯುತ್ತಿದ್ದೆವು. ಊರಿಗೆ ಕಷ್ಟ ಬಂದಾಗ ಮೈ ಮುರಿದು ದುಡಿಯುವುದು ಈ ಸೀಮೆಯ ಗುಣ.

ಆದರೆ ದಿನಾ ಗೇಟು ಮುರಿದಿದೆ ಎಂದು ಹೇಳಿ ದುಡಿಸಿದರೆ? ವರ್ಷದ 365 ದಿನವೂ "ಅರ್ಜೆಂಟು" ಎಂದರೆ ಅದು ಅರ್ಜೆಂಟಲ್ಲ, ಜನ ಸಾಲದೆ ನಡೆಸುವ ವ್ಯಾಪಾರ. ಹತ್ತು ಜನರ ಕೆಲಸಕ್ಕೆ ಏಳು ಜನರನ್ನು ಇಟ್ಟು, ಉಳಿದ ಮೂವರ ಸಂಬಳ ಉಳಿಸಿ, ಆ ಏಳು ಜನರ ನಿದ್ದೆಯಲ್ಲಿ ಅದನ್ನು ವಸೂಲು ಮಾಡುವುದು. ಆ ಮೂರು ಕೆಲಸ ಸಿಗಬೇಕಾದದ್ದು ಯಾರಿಗೆ? ಊರಲ್ಲಿ ಖಾಲಿ ಕೂತಿರುವ ಇನ್ನೂ ಮೂವರು ಕನ್ನಡದ ಹುಡುಗರಿಗೆ! ಕೆಲಸದ ಹೋರಾಟವೂ ಹೊತ್ತಿನ ಹೋರಾಟವೂ ಬೇರೆ ಬೇರೆ ಅಲ್ಲ ಎಂಬುದು ಇಲ್ಲಿ ಕಾಣುತ್ತದೆ.

ಇನ್ನು ಆರೋಗ್ಯ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಒಟ್ಟಿಗೆ ಲೆಕ್ಕ ಕೊಟ್ಟವು: ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ. 35, ಹೃದ್ರೋಗದಿಂದ ಸಾಯುವ ಅಪಾಯ ಶೇ. 17 ಹೆಚ್ಚು. ಈ ಪೆಟ್ಟು ಬೀಳುವುದು ದುಡಿದ ವಯಸ್ಸಿನಲ್ಲಲ್ಲ, ಆಮೇಲೆ. ಇಪ್ಪತ್ತೈದರಲ್ಲಿ ಮಾಡಿದ ಸಾಲಕ್ಕೆ ಐವತ್ತರಲ್ಲಿ ಬಡ್ಡಿ.

ಸಂಜೆ ಇದ್ದವರು ಕನ್ನಡ ಕಟ್ಟಿದರು

ಸಂಜೆ ಎಂದರೆ ಸೋಮಾರಿತನ ಎನ್ನುವವರಿಗೆ ನಮ್ಮ ಸೀಮೆಯ ಚರಿತ್ರೆಯಿಂದಲೇ ಉತ್ತರ ಕೊಡುತ್ತೇನೆ. ಬಳ್ಳಾರಿ ರಾಘವ ಹಗಲು ವಕೀಲರು, ರಾತ್ರಿ ರಂಗದ ಮೇಲೆ ಮಹಾನಟ. ಕೂಡ್ಲಿಗಿ ತಾಲ್ಲೂಕಿನ ಕೋ. ಚೆನ್ನಬಸಪ್ಪನವರು ನ್ಯಾಯಾಧೀಶರಾಗಿದ್ದೂ ಕನ್ನಡದ ಲೇಖಕರಾದರು. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ರಾಯಸಂ ಭೀಮಸೇನರಾಯರು ಪೊಲೀಸ್ ಇಲಾಖೆಯ ನೌಕರರು. ಕನ್ನಡ ಎಂದರೆ ಮೂಗು ಮುರಿಯುತ್ತಿದ್ದವರು. ಅನಕೃ ಅವರ ಕಾದಂಬರಿ "ಸಂಧ್ಯಾರಾಗ" ಕೈಗೆ ಬಂತು, ಓದಿದರು, ಕನ್ನಡಕ್ಕೆ ಒಲಿದರು, ನಮ್ಮ ಬೀchi ಆಗಿ ನಾಡನ್ನೆಲ್ಲ ನಗಿಸಿದರು. ಅವರಿಗೆ ಆ ಕಾದಂಬರಿ ಓದುವಷ್ಟು ಬಿಡುವೇ ಇರದಿದ್ದರೆ? ಒಬ್ಬ ನೌಕರ ಕಡಿಮೆ ಆಗುತ್ತಿರಲಿಲ್ಲ. ಕನ್ನಡಕ್ಕೆ ತಿಂಮ ಮಾತ್ರ ಹುಟ್ಟುತ್ತಿರಲಿಲ್ಲ.

ದೊಡ್ಡವರ ಮಾತು ಬಿಡಿ, ಬಯಲಾಟ ನೋಡಿ. ಬಯಲಾಟ ಕಲಿಯಲು ಊರ ಹುಡುಗರು ತಿಂಗಳುಗಟ್ಟಲೆ ರಾತ್ರಿ ಕೂಡಬೇಕು. ಪದ, ಮಾತು, ಕುಣಿತ ಎಲ್ಲ ಬಾಯಿಂದ ಬಾಯಿಗೆ, ಕಾಲಿಂದ ಕಾಲಿಗೆ ಬರಬೇಕು. ಭೀಮನ ಪಾತ್ರದವನು ರಾತ್ರಿ ಪಾಳಿ, ದುರ್ಯೋಧನ ಮಧ್ಯಾಹ್ನದ ಪಾಳಿ, ದ್ರೌಪದಿ ವೇಷದವನು ಓವರ್‌ಟೈಮ್. ಆಟ ಎಲ್ಲಿ ಆಡಿಸುತ್ತೀರಿ? ಭಾಷೆ ಸಾಯುವುದು ಬರೀ ಪರಭಾಷೆಯ ದಾಳಿಯಿಂದಲ್ಲ. ಅದನ್ನು ಆಡಲು, ಹಾಡಲು, ಮಗುವಿಗೆ ಕಥೆ ಹೇಳಲು ಹೊತ್ತಿಲ್ಲದೆಯೂ ಸಾಯುತ್ತದೆ.

ಹೆಣ್ಣುಮಕ್ಕಳ ಮೂರನೇ ಪಾಳಿ

ಇಷ್ಟು ಹೊತ್ತು ಹುಡುಗ, ಹುಡುಗ ಎಂದೇ ಬರೆದೆ. ಹುಡುಗಿಯರ ಪಾಡು ಇನ್ನೂ ಕಷ್ಟ. ಆಸ್ಪತ್ರೆಯ ನರ್ಸು, ಲಾಡ್ಜಿನ ಸ್ವಾಗತಕಾರಿಣಿ, ಬಟ್ಟೆ ಅಂಗಡಿಯಲ್ಲಿ ಹಗಲೆಲ್ಲ ನಿಂತೇ ಇರುವ ಹುಡುಗಿ ಮನೆಗೆ ಬಂದ ಮೇಲೆ ಇನ್ನೊಂದು ಪಾಳಿ ಶುರು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ 299 ನಿಮಿಷ ಕೊಡುತ್ತಾರೆ, ಗಂಡಸರು 97. ಅದೂ ಮಾಡುವ ಗಂಡಸರ ಲೆಕ್ಕ, ಮಾಡದವರು ಲೆಕ್ಕಕ್ಕೇ ಇಲ್ಲ. ಕಂಪನಿಯ ಮುಂದೆ ನ್ಯಾಯ ಕೇಳುವ ತಮ್ಮಂದಿರೇ, ನಿಮ್ಮ ಮನೆಯ ಒಲೆಯ ಮುಂದೆ ನೀವೇ ಧಣಿ ಆಗಿದ್ದೀರಾ ನೋಡಿಕೊಳ್ಳಿ. ರಜೆಯ ದಿನ ಗಂಡ ಮಲಗಿ, ಹೆಂಡತಿ ರೊಟ್ಟಿ ಬಡಿಯುತ್ತಲೇ ಇದ್ದರೆ ಅದು ಅರ್ಧ ಮನೆಗೆ ಮಾತ್ರ ರಜೆ.

ಇನ್ನೊಂದು ಕಹಿ ಮಾತು. ಎಲ್ಲ ಓವರ್‌ಟೈಮೂ ಕಂಪನಿಯ ಬಲವಂತವಲ್ಲ. ಎರಡು ಲಕ್ಷದ ಬೈಕು, ಕಂತಿನ ಫೋನು, ಊರು ಕರೆದು ಮಾಡುವ ಮದುವೆ. ಕಂತು ಕಟ್ಟಲು ಹುಡುಗ ತಾನೇ ಕೇಳಿ ಓವರ್‌ಟೈಮ್ ತೆಗೆದುಕೊಳ್ಳುತ್ತಾನೆ. ಉಳಿದ ಒಂದು ಗಂಟೆಯನ್ನೂ ಫೋನಿನ ರೀಲ್ಸಿಗೆ ಸುರಿಯುತ್ತಾನೆ. ಹನ್ನೆರಡನೇ ಶತಮಾನದಲ್ಲಿ ಆಯ್ದಕ್ಕಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ವಾಪಸು ಸುರಿದು ಬಾ ಎಂದು ಕಳಿಸಿದವಳು ಹೆಂಡತಿ ಲಕ್ಕಮ್ಮ. ಕಾಯಕದ ಬಗ್ಗೆ ಭಾಷಣ ಬಿಗಿಯುವವರು ಆ ಅಕ್ಕಿಯ ಕಥೆಯನ್ನು ಬೇಕಂತಲೇ ಮರೆಯುತ್ತಾರೆ. ನಾವು ಮರೆಯಬಾರದು.

ನಮ್ಮ ಬೇಡಿಕೆ

ಈ ಸೀಮೆಯ ಕಾರ್ಖಾನೆ, ಗಣಿ, ಹೋಟೆಲು, ಆಸ್ಪತ್ರೆಗಳ ಮುಂದೆ ಈ ಬೇಡಿಕೆ ಇಡೋಣ:

ಒಂದು: ನೇಮಕಾತಿ ಪತ್ರ, ಪಾಳಿಯ ಚಾರ್ಟು, ಸಂಬಳದ ಚೀಟಿ ಕನ್ನಡದಲ್ಲಿರಬೇಕು. ಗುತ್ತಿಗೆ ಕಾರ್ಮಿಕರಿಗೂ.

ಎರಡು: ಪಾಳಿಯ ಚಾರ್ಟು ತಿಂಗಳು ಮೊದಲೇ ಹಾಕಬೇಕು. ವಾರದ ರಜೆಯನ್ನು ಹಿಂದಿನ ರಾತ್ರಿ ಫೋನಿನಲ್ಲಿ ಕಿತ್ತುಕೊಳ್ಳಬಾರದು.

ಮೂರು: ಓವರ್‌ಟೈಮಿಗೆ ಬರೆದ ಒಪ್ಪಿಗೆ, ಎರಡು ಪಟ್ಟು ಕೂಲಿ. ದಿನಾ ಓವರ್‌ಟೈಮ್ ಬೇಕಾಗುವ ಕಡೆ ಹೊಸ ಸ್ಥಳೀಯ ನೇಮಕಾತಿ.

ನಾಲ್ಕು: ನವೆಂಬರ್ 1 ಮತ್ತು ಮೇ 1 ಸಂಬಳ ಸಹಿತ ರಜೆ ಎಂದು ಕರ್ನಾಟಕದ 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆಯಲ್ಲಿದೆ. ಅದು ಗುತ್ತಿಗೆ ಹುಡುಗನ ತನಕ ತಲುಪಬೇಕು. ಅವತ್ತು ಕೆಲಸ ಮಾಡಿಸಿದರೆ ಕಾಯ್ದೆ ಹೇಳುವ ಹೆಚ್ಚಿನ ಕೂಲಿ ಅಥವಾ ಬದಲಿ ರಜೆ ಕೊಡಲೇಬೇಕು.

ಇನ್ನು ಹುಡುಗರು, ಹುಡುಗಿಯರು ಮಾಡಬೇಕಾದದ್ದು. ಒಂದು ಚಿಕ್ಕ ನೋಟ್‌ಬುಕ್ ಇಡಿ. ಮನೆ ಬಿಟ್ಟ ಹೊತ್ತು, ಗೇಟು ಹೊಕ್ಕ ಹೊತ್ತು, ಹೊರಬಂದ ಹೊತ್ತು, ರಜೆ ತಪ್ಪಿದ ದಿನ ಎಲ್ಲ ಬರೆಯಿರಿ, ಕನ್ನಡದಲ್ಲಿ ಬರೆಯಿರಿ. ಮೂರು ತಿಂಗಳು ಬರೆದರೆ ಅದು ದೂರಿಗೆ ಬಲ ಕೊಡುತ್ತದೆ. ಒಬ್ಬನೇ ಹೋಗಬೇಡಿ, ಹತ್ತು ಜನ ಸೇರಿ ಕಾರ್ಮಿಕ ಇಲಾಖೆಗೆ ಹೋಗಿ. ಜೊತೆಗೆ ನಾವು ಬರುತ್ತೇವೆ.

ಸಂಘಟನೆಗಳು ಮಾಡಬೇಕಾದದ್ದೂ ಇದೆ. ಸಂಜೆ ಏಳಕ್ಕೆ ಸಭೆ ಕರೆದು, ಹುಡುಗರು ಬರಲಿಲ್ಲ ಎಂದು ಬೈಯುವುದನ್ನು ಬಿಡಬೇಕು. ಮೊದಲು ಪಾಳಿಯ ಚಾರ್ಟು ಕೇಳಿ, ಆಮೇಲೆ ಸಭೆ ಇಡಬೇಕು. ಮುಂದಿನ ಸಭೆಯನ್ನು ನಾವು ಸಂಜೆ ನಾಲ್ಕೂವರೆಗೆ ಇಟ್ಟಿದ್ದೇವೆ. ಬೆಳಗಿನ ಪಾಳಿ ಮುಗಿಸಿದವರು ಮುಖ ತೊಳೆದುಕೊಂಡು ಬರಬಹುದು. ಐದೂವರೆಗೆ ಮುಗಿಸಿ ಮನೆಗೆ ಕಳಿಸುತ್ತೇವೆ. ಭಾಷಣ ಕಡಿಮೆ ಮಾಡುತ್ತೇವೆ, ನಾನು ಮೊದಲು!

ಕೊನೆಗೆ ಒಂದು ಮಾತು. ಹೊಸಪೇಟೆಯ ರಾಯ ಕಾಲುವೆ, ಬಸವಣ್ಣ ಕಾಲುವೆ, ಹಂಪಿಯ ತುರ್ತಾ ಕಾಲುವೆ, ಕಂಪ್ಲಿ ಕಾಲುವೆ ವಿಜಯನಗರದ ಅರಸರ ಕಾಲದವು. ಶತಮಾನಗಳಿಂದ ನೀರು ಹರಿಸುತ್ತಿವೆ. ಅಂಥ ಕಾಲುವೆಗೂ ಹೂಳೆತ್ತಲು, ಕಿತ್ತ ಕಲ್ಲು ಕೂಡಿಸಲು ನೀರು ನಿಲ್ಲಿಸುವ ಕಾಲ ಅಂತ ಇದೆ. ನೀರು ನಿಲ್ಲಿಸಿದ್ದಕ್ಕೆ ಕಾಲುವೆಯನ್ನು ಯಾವ ರೈತನೂ ಸೋಮಾರಿ ಎನ್ನುವುದಿಲ್ಲ. ಹಾಗೆ ನಿಲ್ಲಿಸಿದ್ದಕ್ಕೇ ಅದು ಇಷ್ಟು ಕಾಲ ಹರಿದಿದೆ ಎಂದು ಅವನಿಗೆ ಗೊತ್ತು.

ನಮ್ಮ ಮಕ್ಕಳಿಗೆ ಕೆಲಸ ಕೊಡಿ. ಎಂಟು ಗಂಟೆ ಆದ ಮೇಲೆ ನಮ್ಮ ಮಕ್ಕಳನ್ನು ನಮಗೆ ವಾಪಸು ಕೊಡಿ.

ಏಳಿ ಕನ್ನಡಿಗರೇ, ಈ ಸಲ ಪೂರ್ತಿ ಕೂಗು ಕೂಗೋಣ: ಕೆಲಸವೂ ಬೇಕು, ಸಂಜೆಯೂ ಬೇಕು!